ತೊಟ್ಟೆ ಬೆರೆತ ರಸ್ತೆಗೆ ಒಂದು ಮಳೆಗಾಲ

ಉಡುಪಿಯಲ್ಲಿ ರಿಕ್ಷಾ ಓಡಿಸುವ ನನಗೆ ರಸ್ತೆಯ ಗುಣ ಮೊದಲು ಗೊತ್ತಾಗುವುದು ಸೊಂಟಕ್ಕೆ. ನಮ್ಮ ಓಣಿಗೆ ಗುತ್ತಿಗೆದಾರರೊಬ್ಬರು ಪ್ಲಾಸ್ಟಿಕ್ ಬೆರೆಸಿದ ಡಾಂಬರು ಹಾಕಿ ಒಂದು ಮಳೆಗಾಲ ಕಳೆಯಿತು. ಹಾಲಿನ ತೊಟ್ಟೆಯಂಥವನ್ನು ಚೂರು ಮಾಡಿ, ಸುಮಾರು 160 ಡಿಗ್ರಿಗೆ ಕಾದ ಜಲ್ಲಿಯ ಮೇಲೆ ಸುರಿಯುತ್ತಾರೆ. ಅದು ಕರಗಿ ಕಲ್ಲಿಗೆ ತೆಳ್ಳಗೆ ಅಂಟಿಕೊಂಡ ಮೇಲೆ ಡಾಂಬರು. ಮದುರೈಯ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರ ವಿಧಾನವಿದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆಟಿ ತಿಂಗಳ ಜೋರು ಮಳೆಗೂ ನಡುರಸ್ತೆಯಲ್ಲಿ ಒಂದು ಜಲ್ಲಿ ಏಳಲಿಲ್ಲ. ಆದರೆ ಪುಣ್ಯಾತ್ಮರು ಚರಂಡಿಯನ್ನೇ ತೋಡಲಿಲ್ಲ! ತೆಂಗಿನ ಮರದ ಬುಡದಲ್ಲಿ ನೀರು ನಿಂತು ಅಂಚು ಮೊಳದುದ್ದ ಕಿತ್ತುಹೋಗಿದೆ. ಎರಡು ಬಾರಿ ಫೋನ್ ಮಾಡಿದೆ, ‘ನಾಳೆ’ ಎಂದರು. ಈ ಕೆಲಸಕ್ಕೆ ಐದಕ್ಕೆ ಮೂರೂವರೆ ಅಂಕ ಕೊಟ್ಟಿದ್ದೇನೆ. ಅಂಚು ಮುಚ್ಚಿದ ದಿನ ನಾಲ್ಕು ಮಾಡುತ್ತೇನೆ.