ಹಳೇ ಸಿಲಿಕೋನ್ ಮೇಲೇ ಹೊಸದು ಬಳಿದು ಹೋಗುವ ಅಕ್ವೇರಿಯಂ ರಿಪೇರಿಯವರನ್ನು ದಯವಿಟ್ಟು ನಂಬಬೇಡಿ

ಅಕ್ವೇರಿಯಂ ಸೋರುತ್ತಿದೆ ಅಂತ ಯಾರನ್ನಾದರೂ ಕರೆಸುವ ಮುಂಚೆ ಇದನ್ನು ಓದಿ. ಗಾಜುಗಳು ಸೇರುವ ಮೂಲೆಯಲ್ಲಿ ನೀರು ಸೋರದ ಹಾಗೆ ಹಾಕಿರುವ ಹಳೇ ಸಿಲಿಕೋನ್ ಅಂಟು ಕೀಳದೆ, ಅದರ ಮೇಲೇ ಹೊಸದೊಂದು ಗೆರೆ ಎಳೆದು, ಬೆರಳಲ್ಲಿ ನೀಟಾಗಿ ಸವರಿ, "ನಾಳೆ ಬೆಳಗ್ಗೆ ನೀರು ತುಂಬಿ, ಸಂಜೆ ಮೀನು ಬಿಡಿ" ಅಂತ ಹೇಳಿ ದುಡ್ಡು ತಗೊಂಡು ಹೋಗುವವರು ರಿಪೇರಿ ಮಾಡಿರುವುದಿಲ್ಲ. ಸೋರಿಕೆಯನ್ನು ನಿಮ್ಮ ಕಣ್ಣಿಗೆ ಕಾಣದ ಹಾಗೆ ಮುಚ್ಚಿರುತ್ತಾರೆ, ಅಷ್ಟೇ. ನಮ್ಮ ಟ್ಯಾಂಕಿಗೆ ಆಗಿದ್ದು ಇದೇ. ನೀರೂ ಹೋಯಿತು, ಮೀನೂ ಹೋದವು.

ಹೊಸ ಸಿಲಿಕೋನ್ ಗಾಜಿಗೆ ಕಚ್ಚುತ್ತದೆ. ಒಣಗಿ ಗಟ್ಟಿಯಾದ ಹಳೇ ಸಿಲಿಕೋನಿಗೆ ಸರಿಯಾಗಿ ಕಚ್ಚುವುದೇ ಇಲ್ಲ. ಈ ಕೆಲಸಕ್ಕೆ ಕೈ ಹಾಕುವ ಯಾರಿಗೇ ಆದರೂ ಇದು ಮೊದಲ ಪಾಠ. ನೀರು ಖಾಲಿ ಮಾಡಿದ ಮೇಲೆ, ಹೊಸದಾಗಿ ಹಾಕಿದ ಗೆರೆಯ ತುದಿಗೆ ಉಗುರು ಕೊಟ್ಟು ಎಳೆದರೆ ಸ್ಟಿಕ್ಕರ್ ಕಿತ್ತ ಹಾಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೂರ್ತಿ ಎದ್ದು ಬಂತು. ಅದರ ಕೆಳಗೆ ಹಳೇ ಸಿಲಿಕೋನ್ ಹಾಗೇ ಇತ್ತು, ಮೇಲೆ ಹಸಿರು ಪಾಚಿ ಸಮೇತ! ಕೀಳುವುದು ಆಮೇಲಿನ ಮಾತು, ಒಂದು ಬಟ್ಟೆ ತಗೊಂಡು ಒರೆಸಿಯೂ ಇರಲಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೇ ನಾಚಿಕೆ ಆಗುತ್ತೆ, ಆದರೆ ಸುಮ್ಮನಿದ್ದರೆ ನಾಳೆ ಇನ್ನೊಬ್ಬರ ಮನೆಯಲ್ಲಿ ಇದೇ ನಡೆಯುತ್ತೆ.

ರಿಪೇರಿ ಮಾಡಿದವರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಬಂದ ಮೊದಲ ಉತ್ತರ: "ನೀವು ನೀರು ಪೂರ್ತಿ ತುಂಬಿದ್ದೀರ ಸಾರ್, ಮುಕ್ಕಾಲು ತುಂಬಬೇಕಿತ್ತು." ಪೂರ್ತಿ ತುಂಬೋಕಾಗದ ಟ್ಯಾಂಕಿಗೆ ರಿಪೇರಿ ಆಗಿದೆ ಅಂತ ಯಾಕೆ ಹೇಳಬೇಕು? 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ಟ್ಯಾಂಕ್ ಅಂದರೆ 54 ಲೀಟರ್ ನೀರು, ಅಂದರೆ ನೀರೇ 54 ಕಿಲೋ. ತುಂಬಿದಾಗ ಮುಂದಿನ ಗಾಜನ್ನು ಆ ನೀರು ಸುಮಾರು 27 ಕಿಲೋ ಭಾರದಷ್ಟು ಬಲದಿಂದ ಹೊರಗೆ ತಳ್ಳುತ್ತಿರುತ್ತದೆ. ಅದೇ ಉದ್ದಕ್ಕೆ ಎತ್ತರ 45 ಮಾಡಿದರೆ ಅದು ಸುಮಾರು 61 ಕಿಲೋ ಆಗುತ್ತದೆ. ಎತ್ತರ ಒಂದೂವರೆ ಪಟ್ಟು ಆದರೆ ಒತ್ತಡದ ಬಲ ಎರಡೂಕಾಲು ಪಟ್ಟು. ಈ ಬಲವನ್ನು ಹಗಲೂ ರಾತ್ರಿ ತಡೆಯಬೇಕಾದದ್ದು ಸಿಲಿಕೋನ್ ಕೆಲಸ. ಮುಕ್ಕಾಲು ನೀರಿಗೆ ಮಾತ್ರ ನಿಲ್ಲುವ ಅಂಟು ಅಂಟೇ ಅಲ್ಲ.

ಎರಡನೇ ಉತ್ತರ ಇನ್ನೂ ಚೆನ್ನಾಗಿತ್ತು: "ಬೇಕಿದ್ರೆ ಬಂದು ಹೊರಗಡೆಯಿಂದ ಇನ್ನೊಂದು ಕೋಟ್ ಹೊಡೀತೀನಿ." ಹೊರಗಿನಿಂದ! ಒಳಗಿನಿಂದ ಹಾಕಿದ ಸಿಲಿಕೋನನ್ನು ನೀರೇ ಸಂದಿಗೆ ಒತ್ತಿ ಹಿಡಿಯುತ್ತದೆ. ಹೊರಗಿನಿಂದ ಹಾಕಿದ್ದನ್ನು ಅದೇ ನೀರು ಹಿಂದಿನಿಂದ ತಳ್ಳಿ ತಳ್ಳಿ ಎಬ್ಬಿಸುತ್ತದೆ. ಜೊತೆಗೆ ತೂತು ಒಳಗೆ ಒಂದು ಕಡೆ, ಹನಿ ಹೊರಗೆ ಕಾಣುವುದು ಇನ್ನೊಂದು ಕಡೆ. ನೀರು ಸಂದಿಯಲ್ಲೇ ಹರಿದು ಬಂದು ಎಲ್ಲೋ ಹೊರಬರುತ್ತೆ. ಹನಿ ಕಂಡ ಜಾಗಕ್ಕೆ ಹೊರಗಿನಿಂದ ಬಳಿದರೆ ಏನೂ ಆಗಲ್ಲ.

ಮೂರನೆಯದು, ಮೀನು ಸತ್ತಿದ್ದಕ್ಕೆ ಬಂದ ಉತ್ತರ: "ಸಿಲಿಕೋನ್ ಅಂದ್ರೆ ಎಲ್ಲಾ ಒಂದೇ ಸಾರ್." ಒಂದೇ ಅಲ್ಲ. ಅವರು ಬಿಟ್ಟುಹೋದ ಖಾಲಿ ಟ್ಯೂಬಿನ ಮೇಲೆ ದಪ್ಪ ಅಕ್ಷರದಲ್ಲಿ ಬಾತ್‌ರೂಮ್, ಕಿಚನ್, ಬೂಷ್ಟು ನಿರೋಧಕ ಅಂತ ಅಚ್ಚಾಗಿತ್ತು. ಬೂಷ್ಟು ಹಿಡಿಯದಿರಲಿ ಅಂತ ಅದರಲ್ಲಿ ಸೇರಿಸುವ ರಾಸಾಯನಿಕ ನೀರಿಗೆ ಇಳಿಯುತ್ತದೆ, ಮೀನಿಗೆ ವಿಷ. ಅಕ್ವೇರಿಯಂಗೆ ಬೇಕಾದದ್ದು ಶುದ್ಧ ಸಿಲಿಕೋನ್, ಟ್ಯೂಬಿನ ಮೇಲೆ ಅಕ್ವೇರಿಯಂಗೆ ಸೂಕ್ತ ಅಂತ ಸ್ಪಷ್ಟವಾಗಿ ಬರೆದಿರುವಂಥದ್ದು. ವಿನೆಗರ್ ವಾಸನೆ ಬಂದರೆ ಸೇಫ್ ಅಂತ ಕೆಲವರು ಹೇಳುತ್ತಾರೆ, ಅದನ್ನೂ ನಂಬಬೇಡಿ. ಬಾತ್‌ರೂಮಿನ ಎಷ್ಟೋ ಸಿಲಿಕೋನಿಗೂ ಅದೇ ವಾಸನೆ ಇರುತ್ತೆ. ಟ್ಯೂಬ್ ಕೈಗೆ ತಗೊಂಡು ಓದಿ. ತೋರಿಸೋಕೆ ಹಿಂದೆಮುಂದೆ ನೋಡಿದರೆ ಅಲ್ಲೇ ಕೆಲಸ ನಿಲ್ಲಿಸಿ.

ಸರಿಯಾದ ಕೆಲಸ ಹೇಗಿರುತ್ತೆ ಅಂತ ಗೊತ್ತಿದ್ದರೆ ಯಾರೂ ನಿಮ್ಮನ್ನು ಏಮಾರಿಸೋಕಾಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಹೀಟರ್ ಪ್ಲಗ್ ಕಿತ್ತು 15-20 ನಿಮಿಷ ಬಿಡಬೇಕು, ಆಮೇಲೆ ನೀರು ಇಳಿಸಬೇಕು. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯುತ್ತೆ. ಮೀನುಗಳನ್ನು ಸೋಪು ಕಾಣದ ಟಬ್ಬಿಗೆ, ಟ್ಯಾಂಕಿನ ಹಳೇ ನೀರಲ್ಲೇ ಹಾಕಿ ಏರ್ ಪಂಪ್ ಬಿಡಿ. ಫಿಲ್ಟರ್ ಸ್ಪಾಂಜನ್ನು ನಲ್ಲಿಯಲ್ಲಿ ತೊಳೆಯದೆ ಅದೇ ಟಬ್ಬಿನಲ್ಲಿ ಇಡಿ. ಕ್ಲೋರಿನ್ ತಾಗಿದರೆ, ಇಲ್ಲವೇ ಒಣಗಿದರೆ, ಮೀನಿನ ಕಸದಿಂದ ಹುಟ್ಟುವ ವಿಷ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ಈ ದಿನಗಳಲ್ಲಿ ಆಹಾರ ಕಡಿಮೆ ಹಾಕಿ. ಟ್ಯಾಂಕಲ್ಲಿ ಒಂದಿಷ್ಟು ನೀರು, ಜಲ್ಲಿ ಇದ್ದಾಗ ಎತ್ತಲೇಬಾರದು, ತಿರುಚಿಕೊಂಡು ಗಟ್ಟಿಯಾಗಿದ್ದ ಜಾಯಿಂಟೂ ಬಿಡುತ್ತೆ.

ಒಳಗಿನ ಸಿಲಿಕೋನನ್ನು ಸೋರುವ ಮೂಲೆಯಲ್ಲಿ ಮಾತ್ರ ಅಲ್ಲ, ಎಲ್ಲಾ ಮೂಲೆಗಳಲ್ಲೂ ತೆಗೆಯಬೇಕು. ಅರ್ಧ ಬಿಟ್ಟರೆ ಹಳೇದು ಹೊಸದು ಸೇರುವ ಜಾಗದಲ್ಲೇ ಮತ್ತೆ ಸೋರುತ್ತೆ. ಹೊಸ ಬ್ಲೇಡ್ ಓರೆಯಾಗಿ ಹಿಡಿದು ಗಾಜಿಗೆ ತಾಗಿಸಿ ಕೆರೆಯಬೇಕು. ಎರಡು ಗಾಜುಗಳ ನಡುವಿನ ಸಂದಿಗೆ ಬ್ಲೇಡ್ ತೂರಿಸಬಾರದು, ಟ್ಯಾಂಕನ್ನು ಹಿಡಿದಿಟ್ಟಿರುವುದು ಆ ಅಂಟು. ಆ ಸಂದಿಯಲ್ಲೇ ಉದ್ದಕ್ಕೆ ಗುಳ್ಳೆ, ಬಿಳಿ ಬಿರುಕು ಕಾಣಿಸಿದರೆ ಒಳಗೆ ಬಳಿದು ಪ್ರಯೋಜನ ಇಲ್ಲ, ಗಾಜು ಬಿಚ್ಚಿ ಮತ್ತೆ ಜೋಡಿಸಬೇಕು. ಕೆರೆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಅಸಿಟೋನಿನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬಾರದು, ಎಣ್ಣೆ ಜಿಡ್ಡು ಇದ್ದರೂ ಕಚ್ಚಲ್ಲ. (ಅಕ್ರಿಲಿಕ್, ಅಂದರೆ ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ಟ್ಯಾಂಕಿಗೆ ಇದು ಯಾವುದೂ ಅನ್ವಯಿಸಲ್ಲ. ಅಸಿಟೋನ್ ಅದನ್ನು ಹಾಳು ಮಾಡುತ್ತೆ, ಸಿಲಿಕೋನೂ ಅದರ ಮೇಲೆ ಸರಿಯಾಗಿ ನಿಲ್ಲಲ್ಲ.)

ಮೂಲೆಯಿಂದ ಎರಡೂ ಬದಿಗೆ 6-8 ಮಿಲಿಮೀಟರ್ ಬಿಟ್ಟು ಮಾಸ್ಕಿಂಗ್ ಟೇಪ್, ನಡುವೆ ಎಲ್ಲೂ ನಿಲ್ಲಿಸದೆ ಸಿಲಿಕೋನ್, ಐದು ನಿಮಿಷದೊಳಗೆ ಸವರಿ ಹಸಿ ಇರುವಾಗಲೇ ಟೇಪ್ ಕೀಳಬೇಕು. ಮೇಲಿನ ಪದರ 10-20 ನಿಮಿಷಕ್ಕೇ ಒಣಗಿದ ಹಾಗೆ ಕಾಣುತ್ತೆ. ಇದನ್ನೇ ತೋರಿಸಿ "ನೋಡಿ, ಗಟ್ಟಿಯಾಯ್ತು" ಅನ್ನುತ್ತಾರೆ. ಗಾಳಿಯ ತೇವ ಹೀರಿಕೊಂಡು ಹೊರಗಿನಿಂದ ಒಳಗೆ ಗಟ್ಟಿಯಾಗುತ್ತಾ ಹೋಗುವ ವಸ್ತು ಅದು, 24 ಗಂಟೆಗೆ ಹೆಚ್ಚೆಂದರೆ 2-3 ಮಿಲಿಮೀಟರ್. ಚಿಕ್ಕ ಟ್ಯಾಂಕಿಗೆ ಕನಿಷ್ಠ 48 ಗಂಟೆ, ದೊಡ್ಡದಕ್ಕೆ ಒಂದು ವಾರ ಬಿಡಿ. ಮೂಗು ಹತ್ತಿರ ಇಟ್ಟಾಗ ವಿನೆಗರ್ ವಾಸನೆ ಇದ್ದರೆ ಇನ್ನೂ ಆಗಿಲ್ಲ ಅಂತಲೇ ಅರ್ಥ.

ಆಮೇಲೆ ನೀರು ಹೋದರೂ ಪರವಾಗಿಲ್ಲ ಅನ್ನುವ ಜಾಗದಲ್ಲಿ, ಮಟ್ಟವಾದ ನೆಲದ ಮೇಲೆ, ಸುತ್ತ ಒಣ ಪೇಪರ್ ಹಾಸಿ ಕಾಲು, ಅರ್ಧ, ಪೂರ್ತಿ ಅಂತ ಹಂತಹಂತವಾಗಿ ತುಂಬಿ. ಪೂರ್ತಿ ತುಂಬಿ ಒಂದು ದಿನವಾದರೂ ನಿಲ್ಲಬೇಕು. ಪೇಪರಿನಲ್ಲಿ ಒಂದು ಒದ್ದೆ ಕಲೆ ಕಂಡರೂ ಕೆಲಸ ಆಗಿಲ್ಲ. ಆ ನೀರು ಚೆಲ್ಲಿ, ತೊಳೆದು, ಆಮೇಲೆ ಮೀನಿನ ಮಾತು. ಟೆಸ್ಟ್ ಮುಗಿಯುವವರೆಗೂ ಪೂರ್ತಿ ದುಡ್ಡು ಕೊಡಲೇಬೇಡಿ, ಯಾರು ಎಷ್ಟೇ ಅವಸರ ಮಾಡಲಿ.

ಸೋರಿಕೆ ಅಲ್ಲ, ಗಾಜೇ ಸೀಳಿದ್ದರೆ ಅದರ ಮೇಲೆ ಸಿಲಿಕೋನ್ ಬಳಿಯುವವರನ್ನು ಒಳಗೇ ಬಿಡಬೇಡಿ. ಆ ಗಾಜು ಬದಲಾಯಿಸಬೇಕು.

ಈಗಾಗಲೇ ಯಾರಾದರೂ ಬಾತ್‌ರೂಮ್ ಸಿಲಿಕೋನ್ ಹಾಕಿ ಹೋಗಿದ್ದು, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ನೀರು ಬದಲಾಯಿಸುತ್ತಾ ಕೂರಬೇಡಿ. ವಿಷ ಇರುವುದು ಮೂಲೆಯಲ್ಲಿ, ಹೊಸ ನೀರಿಗೂ ಇಳಿಯುತ್ತಲೇ ಇರುತ್ತೆ. ಈಗಲೇ ಮೀನುಗಳನ್ನು ಬೇರೆ ಪಾತ್ರೆಗೆ, ಕ್ಲೋರಿನ್ ತೆಗೆದ, ಅದೇ ಬಿಸುಪಿನ ನೀರಿಗೆ ಹಾಕಿ. ಟ್ಯಾಂಕ್ ಖಾಲಿ ಮಾಡಿ ಆ ಸಿಲಿಕೋನ್ ಪೂರ್ತಿ ಕೆರೆದು ತೆಗೆಯಿರಿ, ಖಾಲಿ ಟ್ಯೂಬ್ ಸಿಕ್ಕಿದರೆ ಫೋಟೋ ತೆಗೆದಿಟ್ಟುಕೊಳ್ಳಿ.