ಆರೋಗ್ಯ ವಲಯದ ಷೇರುಗಳ ಹೋಲಿಕೆಗೆ ಸ್ಕ್ರೀನರ್: ಸಿದ್ಧ ‘ಪೆಗ್’ ಕಾಲಂ ಎಷ್ಟು ಉಪಯುಕ್ತ?

ಕಂಪನಿಗಳ ಅಂಕಿಅಂಶಗಳನ್ನು ಸೋಸಿ ಕೊಡುವ ಸ್ಕ್ರೀನರ್ ಸೇವೆಯೊಂದಕ್ಕೆ ಕೆಲವು ವರ್ಷಗಳಿಂದ ವಾರ್ಷಿಕ ಚಂದಾ ಕಟ್ಟುತ್ತಿದ್ದು, ಅದನ್ನು ಮುಖ್ಯವಾಗಿ ಔಷಧ ಕಂಪನಿ, ಆಸ್ಪತ್ರೆ ಮತ್ತು ಲ್ಯಾಬ್‌ಗಳ ಷೇರುಗಳನ್ನು ಹೋಲಿಸಲು ಬಳಸುತ್ತೇನೆ. ಬರಿಯ ಪಿಇ (ಷೇರಿನ ಬೆಲೆ ಒಂದು ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬ ಅನುಪಾತ) ನೋಡಿದರೆ ಈ ವಲಯದ ಒಳ್ಳೆಯ ಕಂಪನಿಗಳೆಲ್ಲ ದುಬಾರಿಯಾಗಿಯೇ ಕಾಣುತ್ತವೆ. ಆದ್ದರಿಂದಲೇ ಪಿಇಯನ್ನು ಲಾಭದ ವಾರ್ಷಿಕ ಬೆಳವಣಿಗೆಯ ದರದಿಂದ ಭಾಗಿಸುವ ಪೆಗ್ ಅನುಪಾತದ ಮೊರೆ ಹೋಗುವುದು. ಪಿಇ 40 ಇದ್ದು ಲಾಭ ವರ್ಷಕ್ಕೆ ಶೇ 20ರಂತೆ ಬೆಳೆದಿದ್ದರೆ ಪೆಗ್ 2. ಅಮೆರಿಕದ ಹೂಡಿಕೆದಾರ ಪೀಟರ್ ಲಿಂಚ್ ಜನಪ್ರಿಯಗೊಳಿಸಿದ ಈ ಅಳತೆಯಲ್ಲಿ 1ರ ಆಸುಪಾಸನ್ನು ನ್ಯಾಯವಾದ ಬೆಲೆ ಎಂದು ಭಾವಿಸಲಾಗುತ್ತದೆ.

ಈ ಸೇವೆಯ ಸಿದ್ಧ ಪೆಗ್ ಕಾಲಂ ಹಿಂದಿನ ಮೂರು ವರ್ಷಗಳ ಬೆಳವಣಿಗೆಯನ್ನು ಆಧರಿಸಿದೆ. ತೊಡಕು ಇರುವುದೇ ಅಲ್ಲಿ. ಔಷಧ ಕಂಪನಿ ಡಿವೀಸ್ ಲ್ಯಾಬೊರೇಟರೀಸ್‌ನ ನಿವ್ವಳ ಲಾಭ 2018-19ರಲ್ಲಿ ಸುಮಾರು 1,353 ಕೋಟಿ ರೂಪಾಯಿ ಇದ್ದದ್ದು, ಕೋವಿಡ್ ಔಷಧ ಮೊಲ್ನುಪಿರಾವಿರ್‌ನ ಪೂರೈಕೆಯೂ ಸೇರಿ 2021-22ರಲ್ಲಿ ಸುಮಾರು 2,960 ಕೋಟಿಗೆ ಏರಿತು. ಅಂದರೆ ಮೂರು ವರ್ಷಗಳ ಬೆಳವಣಿಗೆ ವರ್ಷಕ್ಕೆ ಸರಾಸರಿ ಶೇ 30ರ ಹತ್ತಿರ. ಮರುವರ್ಷ ಲಾಭ ಸುಮಾರು 1,823 ಕೋಟಿಗೆ ಇಳಿದಾಗ ಅದೇ ಲೆಕ್ಕ ಶೇ 10ಕ್ಕೆ ಕುಸಿಯಿತು. ಪಿಇ 45 ಎಂದೇ ಇಟ್ಟುಕೊಂಡರೂ ಪೆಗ್ 1.5ರಿಂದ 4.5ಕ್ಕೆ ಜಿಗಿಯುತ್ತದೆ. ಕಂಪನಿಯ ವ್ಯವಹಾರ ಒಂದೇ ವರ್ಷದಲ್ಲಿ ಮೂರು ಪಟ್ಟು ದುಬಾರಿಯಾಗಿರಲಿಲ್ಲ. ಬದಲಾದದ್ದು ಛೇದದಲ್ಲಿದ್ದ ಸಂಖ್ಯೆ ಮಾತ್ರ. ಕೋವಿಡ್ ಪರೀಕ್ಷೆಗಳ ಭರಾಟೆ ಕಂಡ ಲ್ಯಾಬ್‌ಗಳ ಕಥೆಯೂ ಬೇರೆಯಲ್ಲ.

ಇನ್ನೂ ಕಿರಿಕಿರಿ ಮಾಡುವುದು ವಿಂಗಡಣೆ. ಪೆಗ್ ಕಾಲಂ ಅನ್ನು ಏರಿಕೆ ಕ್ರಮದಲ್ಲಿ ಜೋಡಿಸಿದರೆ ಲಾಭ ಇಳಿಮುಖವಾಗಿರುವ ಕಂಪನಿಗಳು ಋಣ ಸಂಖ್ಯೆ ಹೊತ್ತು ಪಟ್ಟಿಯ ತಲೆಯಲ್ಲೇ ಕೂರುತ್ತವೆ. ಅವುಗಳ ಕೆಳಗೆ, ಮೂರು ವರ್ಷಗಳಲ್ಲಿ ಲಾಭವನ್ನು 2 ಕೋಟಿಯಿಂದ 20 ಕೋಟಿಗೆ ಏರಿಸಿಕೊಂಡ ಸಣ್ಣ ಕಂಪನಿಗಳು: ವಾರ್ಷಿಕ ಬೆಳವಣಿಗೆ ಶೇ 115, ಪಿಇ 60 ಇದ್ದರೂ ಪೆಗ್ ಸುಮಾರು 0.5 ಅಷ್ಟೇ! ಸೊನ್ನೆಗಿಂತ ಕಡಿಮೆ ಇರುವುದನ್ನು ತಾನಾಗಿಯೇ ಕೈಬಿಡುವ ಏರ್ಪಾಡು ಮಾಡುವಂತೆ ಬರೆದ ಮನವಿಗೆ ಧನ್ಯವಾದವಷ್ಟೇ ಉತ್ತರವಾಗಿ ಬಂದಿದೆ.

ಇಷ್ಟಾದರೂ ಚಂದಾ ನವೀಕರಿಸುತ್ತಿರುವುದಕ್ಕೆ ಕಾರಣ, ನಮ್ಮದೇ ಸೂತ್ರ ಬರೆದು ಹೊಸ ಕಾಲಂ ಸೇರಿಸುವ ಸೌಲಭ್ಯ. ಐದು ವರ್ಷಗಳ ಬೆಳವಣಿಗೆಯನ್ನು ಛೇದವಾಗಿಟ್ಟು, ಇತರ ಆದಾಯವನ್ನು ಲಾಭದಿಂದ ಕಳೆದು, ಕನಿಷ್ಠ ಲಾಭ 100 ಕೋಟಿ ಎಂಬ ಷರತ್ತು ಹಾಕಿದರೆ ಪಟ್ಟಿ ಅರ್ಥಪೂರ್ಣವಾಗುತ್ತದೆ. ಆಸ್ಪತ್ರೆಗಳಿಗೆ ಮಾತ್ರ ಬೇರೆ ಸೂತ್ರ ಬೇಕು. ನಾರಾಯಣ ಹೃದಯಾಲಯ, ಅಪೋಲೊಗಳಂಥ ಸಂಸ್ಥೆಗಳು ಹೊಸ ಕಟ್ಟಡ ಆರಂಭಿಸಿದಾಗ ಹಾಸಿಗೆಗಳು ತುಂಬುವ ಮೊದಲೇ ಸವಕಳಿ ಮತ್ತು ಬಡ್ಡಿ ಲಾಭವನ್ನು ತಿನ್ನುವುದರಿಂದ, ಸಾಲವನ್ನೂ ಸೇರಿಸಿದ ಒಟ್ಟು ಮೌಲ್ಯವನ್ನು ಇಬಿಟ್ಡಾಗೆ (ಬಡ್ಡಿ, ತೆರಿಗೆ, ಸವಕಳಿಗಳನ್ನು ಕಳೆಯುವ ಮೊದಲಿನ ಲಾಭ) ಹೋಲಿಸಿ, ಅದನ್ನು ಇಬಿಟ್ಡಾದ ಬೆಳವಣಿಗೆಯಿಂದ ಭಾಗಿಸುವುದು ಹೆಚ್ಚು ನ್ಯಾಯ. ಆಸ್ಪತ್ರೆಯನ್ನೂ ಔಷಧ ಕಂಪನಿಯನ್ನೂ ಒಂದೇ ಪಟ್ಟಿಯಲ್ಲಿಟ್ಟು ನೋಡುವುದನ್ನು ನಾನಂತೂ ಒಪ್ಪುವುದಿಲ್ಲ.

ಯಾವ ಸೂತ್ರಕ್ಕೂ ಸಿಗದ ಸಂಗತಿಯೊಂದಿದೆ. ಡಾ. ರೆಡ್ಡೀಸ್, ನ್ಯಾಟ್ಕೋ ಮೊದಲಾದ ಕಂಪನಿಗಳು ಮೂಲ ತಯಾರಕರೊಂದಿಗಿನ ಒಪ್ಪಂದದಂತೆ 2022ರಿಂದ ಅಮೆರಿಕದಲ್ಲಿ ಲೆನಲಿಡೊಮೈಡ್ ಎಂಬ ಕ್ಯಾನ್ಸರ್ ಔಷಧದ ಜೆನೆರಿಕ್ ಕ್ಯಾಪ್ಸೂಲನ್ನು ಸೀಮಿತ ಪ್ರಮಾಣದಲ್ಲಿ ಮಾರಿ ದೊಡ್ಡ ಲಾಭ ಮಾಡಿದವು. ಆ ಮಿತಿ 2026ರ ಜನವರಿ 31ಕ್ಕೆ ಮುಗಿದು ಪೈಪೋಟಿ ಹೆಚ್ಚುವುದು ಮೊದಲೇ ತಿಳಿದಿದ್ದ ಮಾರುಕಟ್ಟೆ, ಆ ಲಾಭಕ್ಕೆ ದೊಡ್ಡ ಪಿಇ ಕೊಡಲು ಹಿಂಜರಿಯಿತು. ಕಾಲಂನಲ್ಲಿ ಇಂಥ ಷೇರು ಅಗ್ಗವಾಗಿ ಕಂಡರೆ ಕಾರಣವನ್ನು ಹೂಡಿಕೆದಾರರ ಜೊತೆಗಿನ ತ್ರೈಮಾಸಿಕ ಮಾತುಕತೆಯ ಪಠ್ಯದಲ್ಲಿ ಹುಡುಕಬೇಕು. ಕಂಪನಿಯ ಪುಟದಲ್ಲೇ ಕೊಟ್ಟಿರುವ ಅದರ ಕೊಂಡಿಯೇ ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಒತ್ತಿರುವ ಗುಂಡಿ.