ದುಡ್ಡು ಕೊಟ್ಟು ಸೇವೆಗೆ ಹೊರಟವರೇ, ಸ್ವಲ್ಪ ತಡೀರಿ

ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆ ಕರಪತ್ರ ಮತ್ತೆ ಅಂಟಿಸಿದ್ದಾರೆ ಅಂತ ಶಿರಸಿಯ ಗೆಳೆಯನೊಬ್ಬ ಮೊನ್ನೆ ಫೋಟೋ ಕಳಿಸಿದ. ‘ಆಫ್ರಿಕಾದ ಹಳ್ಳಿಗಳಲ್ಲಿ ಆರೋಗ್ಯ ಸೇವೆ. ವಿದ್ಯಾರ್ಥಿಗಳಿಗೆ ಅವಕಾಶ. ಅನುಭವ ಬೇಕಿಲ್ಲ.’ ಕಳೆದ ವರ್ಷ ಇದನ್ನೇ ನಂಬಿ ಹೋದವನು ನಾನು.

ಓದುತ್ತಿದ್ದದ್ದು ಬಿ.ಕಾಂ. ಏಜೆನ್ಸಿಯ ಆಫೀಸು ಹುಬ್ಬಳ್ಳಿಯಲ್ಲಿ. ಕೀನ್ಯಾದ ಕಿಸುಮು ಹತ್ತಿರದ ಹಳ್ಳಿಯಲ್ಲಿ ನಾಲ್ಕು ವಾರ, ವಿಮಾನದ ಟಿಕೆಟ್ ಬಿಟ್ಟು 1 ಲಕ್ಷ 40 ಸಾವಿರ ರೂಪಾಯಿ. ಅಪ್ಪ ದರ ಏರಲಿ ಅಂತ ಇಟ್ಟುಕೊಂಡಿದ್ದ ಚಾಲಿ ಅಡಿಕೆ ಮಾರಿ ಕೊಟ್ಟರು. ಆಯಿ ಕೇಳಿದ್ದು ಒಂದೇ ಮಾತು: “ನೀ ಅಲ್ಲಿಗೆ ಹೋಗಿ ಎಂತಾ ಮಾಡ್ತೆ ತಮಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೇ ನಿಲ್ಲಬೇಕಿತ್ತು.

ಹಳದಿ ಜ್ವರದ ಲಸಿಕೆಯ ವಿಷಯವನ್ನು ಏಜೆನ್ಸಿಯವರು ಬಾಯಿಯೇ ಬಿಡಲಿಲ್ಲ. ಹೇಳಿದ್ದು ಟಿಕೆಟ್ ಮಾಡಿಕೊಟ್ಟ ಹುಡುಗ. ಕೀನ್ಯಾದಿಂದ ವಾಪಸು ಬರುವಾಗ ಲಸಿಕೆಯ ಕಾರ್ಡು ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು 6 ದಿನದವರೆಗೆ ಪ್ರತ್ಯೇಕ ಇಡಬಹುದು. ಲಸಿಕೆ ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಕಾರ್ಡಿಗೆ ಬೆಲೆ. ನಾನು ಹೊರಡಲು ಬಾಕಿ ಇದ್ದದ್ದು 13 ದಿನ. ಕಾರವಾರದ ಮೇಲೆ ಬಸ್ಸಿನಲ್ಲಿ ಓಡಿ, ಗೋವಾದ ಮರ್ಮಗೋವಾ ಬಂದರಿನ ಆರೋಗ್ಯ ಕಚೇರಿಯಲ್ಲಿ ಚುಚ್ಚಿಸಿಕೊಂಡು ಬಂದೆ.

ಆ ದೇಶದೊಳಗೆ ಹೋಗುವ ಅನುಮತಿಯದ್ದೂ ಅದೇ ಕತೆ. “ಪ್ರವಾಸ ಅಂತ ಬರೆಯಿರಿ, ಸೇವೆ ಅಂತ ಬರೆಯಬೇಡಿ” ಅಂದರು ಏಜೆನ್ಸಿಯವರು. ಸಂಬಳ ಇರಲಿ, ಬಿಡಲಿ, ಪ್ರವಾಸದ ಅನುಮತಿಯಲ್ಲಿ ಹೋಗಿ ಅಲ್ಲಿ ಕೆಲಸ ಮಾಡುವ ಹಾಗಿಲ್ಲ. ಸಿಕ್ಕಿಬಿದ್ದರೆ ಜವಾಬು ಕೊಡಬೇಕಾದವರು ನಾವು, ಅವರಲ್ಲ.

ಇದೆಲ್ಲ ಹೋಗಲಿ. ನಿಜವಾಗಿ ಹೇಳಬೇಕಾದ್ದು ಎರಡನೇ ದಿನದ್ದು.

ಒಂದು ಶಾಲೆಯ ಜಗಲಿಯಲ್ಲಿ ನಮ್ಮನ್ನು ಕೂರಿಸಿ ಬಿಳಿ ಕೋಟು ಹಾಕಿಸಿದರು. ವಿಕ್ಟೋರಿಯಾ ಸರೋವರದ ಆ ಸೀಮೆಯಲ್ಲಿ ಮಲೇರಿಯಾ ಜಾಸ್ತಿ. ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ಪರೀಕ್ಷೆಯ ಪಟ್ಟಿಗೆ ಹಾಕಿ, ಆಮೇಲೆ ದ್ರಾವಣ ಬಿಡುವುದನ್ನು ಹತ್ತು ನಿಮಿಷದಲ್ಲಿ ಕಲಿಸಿದರು. ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಂದ ತಾಯಿ ನನ್ನನ್ನು “ಡಕ್ತಾರಿ” ಅಂದಳು. ಸ್ವಾಹಿಲಿಯಲ್ಲಿ ಡಾಕ್ಟರು ಅಂತ. ಮಗು ಕೈ ಎಳೆದುಕೊಂಡಿತು, ಎರಡು ಸಲ ಚುಚ್ಚಿದೆ. ಐದು ನಿಮಿಷ ನೋಡಿದೆ, ಪಟ್ಟಿಯಲ್ಲಿ ಒಂದೇ ಗೆರೆ. ಮಲೇರಿಯಾ ಇಲ್ಲ ಅಂತ ಕೈಯಲ್ಲೇ ಸನ್ನೆ ಮಾಡಿ ಕಳಿಸುವುದರಲ್ಲಿದ್ದೆ.

ಪಕ್ಕದಲ್ಲಿ ನಿಂತಿದ್ದ ಆ ಊರಿನ ಆರೋಗ್ಯ ಕಾರ್ಯಕರ್ತೆ ಏನೂ ಮಾತಾಡದೆ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬೆಂಚಿನ ಮೇಲೆ ಇಟ್ಟು ಫೋನಿನ ಗಡಿಯಾರ ತೋರಿಸಿದಳು. ಹದಿನೈದು ನಿಮಿಷ ಆಗುವಷ್ಟರಲ್ಲಿ ಎರಡನೇ ಗೆರೆ ತೆಳ್ಳಗೆ ಮೂಡಿತು. ಮಲೇರಿಯಾ ಇತ್ತು. ಅವಳು ಅಲ್ಲಿ ನಿಂತಿರದಿದ್ದರೆ? ಈಗಲೂ ರಾತ್ರಿ ನೆನಪಾದರೆ ಕೈ ತಣ್ಣಗಾಗುತ್ತದೆ.

ಅವಳಂಥವರು ಆ ದೇಶದಲ್ಲಿ ಸುಮಾರು 1 ಲಕ್ಷ ಇದ್ದಾರೆ. 2023ರಲ್ಲಿ ಅಲ್ಲಿನ ಸರ್ಕಾರ ಅವರಿಗೆ ಕಿಟ್ಟು, ಫೋನು ಕೊಟ್ಟು, ತಿಂಗಳಿಗೆ 5,000 ಶಿಲ್ಲಿಂಗ್ ಗೌರವಧನ ಗೊತ್ತು ಮಾಡಿತು. ಲೆಕ್ಕ ಓದಿದವನಲ್ವಾ, ಕೂಡಿಸಿ ನೋಡಿದೆ. ನಾನು ಏಜೆನ್ಸಿಗೆ ಕಟ್ಟಿದ್ದು ಅವಳ ಮೂರು ವರ್ಷದ ಗೌರವಧನಕ್ಕಿಂತ ಜಾಸ್ತಿ. ಅದರಲ್ಲಿ ನಿಮ್ಮೂರಿಗೆ ಏನು ಬಂತು ಅಂತ ಕೇಳಿದೆ. ಒಂದು ಡಬ್ಬಿ ಕೈಗವಸು, ಮಕ್ಕಳಿಗೆ ಬಿಸ್ಕತ್ತು ಅಂದಳು.

ನಮ್ಮಲ್ಲೇ ಯೋಚಿಸಿ. ಸಿದ್ದಾಪುರ ಕಡೆ ಮಂಗನ ಕಾಯಿಲೆ ಶುರುವಾದಾಗ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಮನೆಮನೆಗೆ ಕೊಟ್ಟು, ಸೊಪ್ಪಿಗೆ ಹೋದವರ ಮೈಗೆ ಉಣುಗು ಹತ್ತಿದೆಯಾ, ಜ್ವರ ಇದೆಯಾ ಅಂತ ವಿಚಾರಿಸುವವರು ಆಶಾ ಕಾರ್ಯಕರ್ತೆಯರು. ಯಾವುದೋ ದೇಶದ ಬಿ.ಕಾಂ. ಹುಡುಗ ಬಂದು ನಮ್ಮ ಆಯಿಯ ರಕ್ತ ತೆಗೆಯುತ್ತೇನೆ ಅಂದರೆ ಕೊಡುತ್ತೇವಾ?

ಹಾಗಂತ ಹೋಗಲೇಬೇಡಿ ಅನ್ನುತ್ತಿಲ್ಲ. ನಮ್ಮ ಗುಂಪಿನ ಒಬ್ಬಳು ಕಂಪ್ಯೂಟರ್ ಓದಿದವಳು. ಅವಳು ಕೋಟು ಹಾಕಲೇ ಇಲ್ಲ, ಕಾರ್ಯಕರ್ತೆಯರು ಕೇಳಿಕೊಂಡರು ಅಂತ ಊರಿನ ಮಕ್ಕಳ ಲಸಿಕೆಯ ಪಟ್ಟಿ ಸರಿ ಮಾಡಿಕೊಟ್ಟಳು. ಇದ್ದ ಒಂದೇ ಉಪಯೋಗದ ಕೆಲಸ ಅದು. ನೀವು ದುಡ್ಡು ಕಟ್ಟುವ ಮೊದಲು ಆ ಊರಿನ ಆರೋಗ್ಯ ಕೇಂದ್ರದವರ ಜೊತೆ ಫೋನಿನಲ್ಲಿ ಮಾತಾಡಿಸಿ ಅಂತ ಏಜೆನ್ಸಿಯನ್ನು ಕೇಳಿ. ನಿಮ್ಮನ್ನು ಕರೆದವರು ಯಾರು, ಯಾವ ಕೆಲಸಕ್ಕೆ, ಅದಕ್ಕೆ ಪರವಾನಗಿ ಯಾರ ಹೆಸರಲ್ಲಿ, ಎಲ್ಲ ಕಾಗದದ ಮೇಲೆ ಬರಲಿ. ನಾನು ಕೇಳಲಿಲ್ಲ. ಎರಡನೇ ವಾರ ವಾಪಸು ಬಂದೆ. ಉಳಿದ ಹಣ ಕೇಳಿದ್ದಕ್ಕೆ, ಒಪ್ಪಂದದ ಕೊನೇ ಪುಟ ಓದಿ ಅಂದರು.

ಗೆಳೆಯ ಕಳಿಸಿದ ಕರಪತ್ರದಲ್ಲಿ ಬಿಳಿ ಕೋಟು ಹಾಕಿ ಮಗುವಿನ ಬೆರಳು ಹಿಡಿದುಕೊಂಡ ಒಬ್ಬನ ಚಿತ್ರ ಇದೆ. ಡಾಕ್ಟರು ಅಂದುಕೊಳ್ಳಬೇಡಿ. ಅದು ನಾನು.